ಕೀ ಉತ್ತರ ತಪ್ಪಿದ್ದರೆ ಏನು ಮಾಡಬೇಕು?

ಯಾವುದೇ ಪರೀಕ್ಷೆಯ ತಾತ್ಕಾಲಿಕ ಕೀ ಉತ್ತರ ಬರಲಿ, ಮರುದಿನದಿಂದ ನನಗೆ ಅವೇ ಪ್ರಶ್ನೆಗಳು ಶುರು. ಓಎಂಆರ್ ತುಂಬುವುದು ಹೇಗೆ ಅಂತ ಕೇಳಿದವರಿಗೆ ಇಲ್ಲಿ ಉತ್ತರ ಇಲ್ಲ. ಅಧಿಸೂಚನೆ ಓದಿ.

ಪ್ರಶ್ನೆ: ಮೇಡಂ, ಕೋಚಿಂಗ್‌ನ ಮಾಕ್ ಟೆಸ್ಟ್‌ನಲ್ಲಿ ‘ಅಶೋಕನ ಹೆಸರಿರುವ ಶಾಸನ ಯಾವುದು?’ ಅಂತ ಕೇಳಿದ್ದರು. ಬ್ರಹ್ಮಗಿರಿ, ಮಸ್ಕಿ, ನಿಟ್ಟೂರು, ಸಿದ್ದಾಪುರ ಅಂತ ನಾಲ್ಕು ಆಯ್ಕೆ. ನಾನು ನಿಟ್ಟೂರು ಹಾಕಿದೆ. ಕೀಯಲ್ಲಿ ಮಸ್ಕಿ ಇದೆ. ಕೇಳಿದ್ದಕ್ಕೆ ‘ಎಲ್ಲಾ ಗೈಡ್‌ನಲ್ಲೂ ಮಸ್ಕಿ ಅಂತಾನೇ ಇದೆ, ಸುಮ್ನೆ ವಾದ ಮಾಡ್ಬೇಡ’ ಅಂದರು. ನಾನು ತಪ್ಪಾ? (ಜಗಳೂರಿನ ಓದುಗರು)

ಉತ್ತರ: ನಿಮ್ಮದು ತಪ್ಪಲ್ಲ. ಮಸ್ಕಿಯೂ ಸರಿ, ನಿಟ್ಟೂರೂ ಸರಿ. ತಪ್ಪಿರುವುದು ಪ್ರಶ್ನೆಯಲ್ಲಿ.

1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನ ಹುಡುಕುತ್ತಿದ್ದಾಗ ಆ ಶಾಸನ ಸಿಕ್ಕಿತು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ‘ದೇವಾನಾಂಪಿಯ’, ‘ಪಿಯದಸಿ’ ಅಂತ ರಾಜನ ಬಿರುದುಗಳಷ್ಟೇ ಇದ್ದವು. ಮಸ್ಕಿಯಲ್ಲಿ ‘ಅಶೋಕ’ ಅಂತಲೇ ಕೊರೆದಿತ್ತು. ಆ ಬಿರುದಿನ ರಾಜನೂ ಅಶೋಕನೂ ಒಬ್ಬನೇ ಅನ್ನುವುದು ಹಾಗೆ ಗಟ್ಟಿಯಾಯಿತು. ಆಗ ‘ಮಸ್ಕಿ’ ಒಂದೇ ಉತ್ತರ, ಸರಿ. ಆದರೆ ಆಮೇಲೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೆಗೋಳಂ ಶಾಸನಗಳಲ್ಲೂ ಆ ಹೆಸರು ಸಿಕ್ಕಿತು. ಗೈಡ್‌ಗಳು ಮಾತ್ರ ಮಸ್ಕಿಯಲ್ಲೇ ನಿಂತಿವೆ. ಒಂದು ಗೈಡ್ ನೋಡಿ ಇನ್ನೊಂದು ಗೈಡ್ ಬರೆಯುವವರು ಶಾಸನದ ಪಾಠ ತೆಗೆದು ನೋಡುತ್ತಾರಾ?

ಇಲ್ಲಿ ಆಗಿರುವುದೂ ಅದೇ ಇರಬೇಕು. ಉತ್ತರ ಮೊದಲೇ ಗೊತ್ತು, ದಿಕ್ಕು ತಪ್ಪಿಸಲು ಇನ್ನು ಮೂರು ಊರು ಬೇಕು. ಬ್ರಹ್ಮಗಿರಿ, ಸಿದ್ದಾಪುರ ಹಾಕಿದ್ದು ಸರಿಯೇ. ನಮ್ಮ ಮೊಳಕಾಲ್ಮುರು ತಾಲೂಕಿನ ಶಾಸನಗಳಲ್ಲಿ ಅಶೋಕನ ಹೆಸರಿಲ್ಲ. ನಿಟ್ಟೂರು ಹಾಕಿದಾಗ ಎಡವಟ್ಟಾಯಿತು. ‘ಅಶೋಕನ ಹೆಸರು ಮೊದಲ ಸಲ ಸಿಕ್ಕ ಶಾಸನ ಯಾವುದು?’ ಅಂತ ಕೇಳಿದ್ದರೆ ಯಾರೂ ಬಾಯಿ ಬಿಡುವಂತಿರಲಿಲ್ಲ. ಎರಡು ಪದದ ಸೋಮಾರಿತನ, ಅಷ್ಟೇ. ಅದೇ ಬ್ರಹ್ಮಗಿರಿಯಲ್ಲಿ ಚಪಡ ಎಂಬ ಲಿಪಿಕಾರ ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ‘ಲಿಪಿಕಾರ’ ಅನ್ನುವುದನ್ನು ಮಾತ್ರ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಹಾಕಿದ್ದಾನೆ. ಅದನ್ನು ಕೇಳಬಹುದಲ್ವಾ? ಕೇಳಲ್ಲ, ಗೈಡ್‌ನಲ್ಲಿ ಇಲ್ಲ.

ನಿಜವಾದ ಪರೀಕ್ಷೆಯಲ್ಲಿ ಹೀಗೇ ಬಂದರೆ? ಮಸ್ಕಿ ಹಾಕಿ. ಕೆಲವರಿಗೆ ಈ ಮಾತು ಇಷ್ಟವಾಗಲ್ಲ, ಗೊತ್ತು. ನನಗೆ ನಿಮ್ಮ ಅಂಕ ಮುಖ್ಯ. ಹಾಲ್‌ನಲ್ಲಿ ಪ್ರಶ್ನೆ ತೆಗೆದವರ ತಲೆಯಲ್ಲಿ ಏನಿದೆ ಅಂತ ನೋಡಿ, ಜಗಳ ಆಮೇಲೆ ಆಡಿ. ಈಗಾಗಲೇ ನಿಟ್ಟೂರು ಹಾಕಿ ಬಂದಿದ್ದರೆ ಕೊಟ್ಟ ದಿನಾಂಕದೊಳಗೆ ಆಕ್ಷೇಪಣೆ ಸಲ್ಲಿಸಿ. ಪ್ರಶ್ನೆಪತ್ರಿಕೆಯ ಶ್ರೇಣಿ, ಪ್ರಶ್ನೆ ಸಂಖ್ಯೆ ಸರಿಯಾಗಿ ಬರೆಯಿರಿ. ‘ಎರಡೂ ಉತ್ತರ ಒಪ್ಪಿ, ಇಲ್ಲವೇ ಪ್ರಶ್ನೆ ಕೈಬಿಡಿ’ ಅಂತ ಸ್ಪಷ್ಟವಾಗಿ ಕೇಳಿ. ಶಾಸನದ ಪಾಠ ಇರುವ ಪುಸ್ತಕದ ಆ ಪುಟ, ಜೊತೆಗೆ ಪುಸ್ತಕದ ಮುಖಪುಟ, ಎರಡನ್ನೂ ಜೆರಾಕ್ಸ್ ಮಾಡಿ ಇಡಿ. ಯೂಟ್ಯೂಬ್ ಸ್ಕ್ರೀನ್‌ಶಾಟ್ ಇಡಬೇಡಿ. ‘ಬಡ ವಿದ್ಯಾರ್ಥಿಗೆ ಅನ್ಯಾಯ’ ಅಂತ ಎರಡು ಪುಟ ಬರೆಯಲೂಬೇಡಿ. ಅದನ್ನು ಓದುವವರಿಗೆ ಬೇಕಾಗಿರುವುದು ಆಧಾರ.

ಪ್ರಶ್ನೆ: ಆಕ್ಷೇಪಣೆ ಹಾಕಿದರೆ ಏನೂ ಆಗಲ್ಲವಂತೆ? (ಹೊಳಲ್ಕೆರೆ)

ಉತ್ತರ: 2024ರ ಆಗಸ್ಟ್ 27ರ ಕೆಎಎಸ್ ಪ್ರಿಲಿಮ್ಸ್ ಅನುವಾದದ ತಪ್ಪುಗಳಿಂದ ಡಿಸೆಂಬರ್ 29ಕ್ಕೆ ಮತ್ತೆ ನಡೆಯಿತು. ಎಲ್ಲರೂ ಸುಮ್ಮನಿದ್ದಿದ್ದರೆ ನಡೆಯುತ್ತಿತ್ತಾ?

ಪ್ರಶ್ನೆ: ದಾವಣಗೆರೆ ಜಿಲ್ಲೆಯಲ್ಲಿ ಎಷ್ಟು ತಾಲೂಕು? ಒಂದೊಂದು ಪುಸ್ತಕದಲ್ಲಿ ಒಂದೊಂದು ಇದೆ. (ಹರಿಹರ)

ಉತ್ತರ: ಈಗ 6. 1997ರಲ್ಲಿ ಬಂದ ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹೊನ್ನಾಳಿಯಿಂದ ನ್ಯಾಮತಿ ಬೇರೆಯಾಯಿತು. ಹಳೇ ಪುಸ್ತಕ ರದ್ದಿಗೆ ಹಾಕಿ.

ಪ್ರಶ್ನೆ: ‘ಮೇಲಿನ ಎಲ್ಲವೂ’ ಅಂತ ಇದ್ದರೆ ಕಣ್ಣು ಮುಚ್ಚಿ ಅದನ್ನೇ ಹಾಕಬಹುದಾ? (ಚಳ್ಳಕೆರೆ)

ಉತ್ತರ: ಕಣ್ಣು ತೆರೆದು ಓದಿ.

ಪ್ರಶ್ನೆ: ದುಡ್ಡು ಕೊಟ್ಟರೆ ಅಂತಿಮ ಕೀಯಲ್ಲಿ ಉತ್ತರ ಬದಲಿಸಿಕೊಡ್ತೀವಿ ಅಂತ ಟೆಲಿಗ್ರಾಂನಲ್ಲಿ ಒಬ್ಬರು ಹೇಳ್ತಿದ್ದಾರೆ. ನಂಬಬಹುದಾ? (ಹೆಸರು ಬೇಡ)

ಉತ್ತರ: ಇಂಥವರು ಕಾಯುವುದೇ ಕೀ ಬಂದ ವಾರಕ್ಕೆ. ಯಾವುದೋ ಪ್ರಶ್ನೆಯ ಉತ್ತರ ತಾನಾಗಿ ಬದಲಾದರೆ ‘ನಾವೇ ಮಾಡಿಸಿದ್ದು’ ಅಂತಾರೆ, ಬದಲಾಗದಿದ್ದರೆ ಫೋನ್ ಸ್ವಿಚ್ ಆಫ್. ಆ ಮೆಸೇಜ್ ಅಳಿಸಬೇಡಿ, ಸೈಬರ್ ಠಾಣೆಗೆ ಕೊಡಿ. ನೀವು ಈಗಾಗಲೇ ದುಡ್ಡು ಹಾಕಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಇವತ್ತೇ ಫೋನ್ ಮಾಡಿ.