ಮರಿ ಉಳಿದರೆ ತಾನೇ ಲಾಭ?

ಪ್ರಶ್ನೆ: ನಮ್ಮಲ್ಲಿ ಎಂಟು ತಾಯಿ ಹಂದಿಗಳಿವೆ. ಒಂದೊಂದೂ ಹತ್ತು, ಹನ್ನೊಂದು ಮರಿ ಹಾಕುತ್ತದೆ. ಹಾಲು ಬಿಡಿಸುವ ಹೊತ್ತಿಗೆ ಆರು ಉಳಿದರೆ ಹೆಚ್ಚು. ಕೆಲವು ತಾಯಿಯ ಮೈಯಡಿ ಸಿಕ್ಕಿ ಸಾಯುತ್ತವೆ, ಕೆಲವು ಬಿಳಿಚಿಕೊಂಡು ಸೊರಗುತ್ತವೆ. ಖರ್ಚು ಕಡಿಮೆ ಮಾಡಲು ಹೋಟೆಲ್ ಮುಸುರೆ ಹಾಕಬಹುದೇ?

ಉತ್ತರ: ಮುಸುರೆ ವಿಚಾರ ಆಮೇಲೆ. ಮೊದಲು ಮರಿ ಉಳಿಸಿಕೊಳ್ಳೋಣ. ಹತ್ತು ಮರಿ ಬದುಕಲಿ, ಆರು ಬದುಕಲಿ, ಗಬ್ಬದ 114 ದಿನ ತಾಯಿ ತಿನ್ನುವುದು ಅಷ್ಟೇ ಅಲ್ವಾ? ಸತ್ತ ಮರಿಗಳ ಖರ್ಚೂ ಉಳಿದವುಗಳ ತಲೆ ಮೇಲೇ ಬೀಳುತ್ತದೆ.

ತಾಯಿ ಮೈ ಕೆಳಗೆ ಸಿಕ್ಕಿ ಸಾಯುವುದಕ್ಕೆ ಬಹಳ ಸಲ ಚಳಿಯೇ ಕಾರಣ. ಹುಟ್ಟಿದ ಮರಿಗೆ 32ರಿಂದ 34 ಡಿಗ್ರಿ ಬಿಸಿ ಬೇಕು. ತಾಯಿಗೆ 20 ಡಿಗ್ರಿ ಸುತ್ತಮುತ್ತ ಇದ್ದರೆ ಹಾಯಿ. ಬೇರೆ ಬಿಸಿ ಜಾಗ ಇಲ್ಲದಿದ್ದರೆ ಮರಿಗಳು ತಾಯಿಯ ಹೊಟ್ಟೆಗೇ ಅಂಟಿಕೊಂಡು ಮಲಗುತ್ತವೆ. ಅವಳು ಮಗ್ಗುಲು ಬದಲಿಸಿದರೆ ಮುಗಿಯಿತು. ಅದಕ್ಕೆ ತಾಯಿ ನುಗ್ಗಲಾಗದ ಒಂದು ಮೂಲೆ ಮಾಡಿ, ಬಲ್ಬ್ ತೂಗುಹಾಕಿ, ಒಣಹುಲ್ಲು ಹಾಸಿ. ಬಿಸಿ ಸಾಕೋ ಇಲ್ಲವೋ ಮರಿಗಳೇ ಹೇಳುತ್ತವೆ. ಒಂದರ ಮೇಲೊಂದು ಬಿದ್ದಿದ್ದರೆ ಚಳಿ. ಬಲ್ಬಿನಿಂದ ದೂರ ಚದುರಿದ್ದರೆ ಬಿಸಿ ಜಾಸ್ತಿ. ಸಾಲಾಗಿ, ಪಕ್ಕಪಕ್ಕ ಕಾಲು ಚಾಚಿ ಮಲಗಿದ್ದರೆ ಸರಿಯಾಗಿದೆ. ಗೋಡೆಯುದ್ದಕ್ಕೂ, ನೆಲದಿಂದ ಮತ್ತು ಗೋಡೆಯಿಂದ 20-25 ಸೆಂ.ಮೀ. ಬಿಟ್ಟು ಕಬ್ಬಿಣದ ಪೈಪ್ ಕೂಡ ಹಾಕಿಸಿ. ತಾಯಿ ಗೋಡೆಗೊರಗಿ ಮಲಗಿದಾಗ ಮರಿ ನುಸುಳಿಕೊಳ್ಳಲು ಜಾಗ ಸಿಗುತ್ತದೆ.

ಇನ್ನು ಗಿಣ್ಣುಹಾಲು. ಹಂದಿಮರಿಗೆ ರೋಗ ತಡೆಯುವ ಶಕ್ತಿ ಗರ್ಭದಲ್ಲಿ ಸಿಗುವುದಿಲ್ಲ, ಗಿಣ್ಣಿನಿಂದಲೇ ಬರಬೇಕು. ಅದೂ ಮೊದಲ ದಿನವೇ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಆದ್ದರಿಂದ ಮರಿ ಹಾಕುವ ರಾತ್ರಿ ಕೊಟ್ಟಿಗೆಯಲ್ಲಿ ಒಬ್ಬರು ಇರಲೇಬೇಕು. ಗಂಡು ಬಿಟ್ಟ ತಾರೀಕು ಬರೆದಿಟ್ಟಿದ್ದರೆ ಆ ರಾತ್ರಿ ಯಾವುದೆಂದು ಹೆಚ್ಚುಕಮ್ಮಿ ಗೊತ್ತಾಗುತ್ತದೆ. ಮರಿಯ ಮೂಗು, ಬಾಯಿ ಒರೆಸಿ, ಮೈ ಒಣಗಿಸಿ ಮೊಲೆಗೆ ಹಿಡಿಯಿರಿ. ಚಿಕ್ಕ ಮರಿಗಳನ್ನು ದೊಡ್ಡವು ತಳ್ಳುತ್ತವೆ. ಹೊಟ್ಟೆ ತುಂಬಿದ ದೊಡ್ಡವನ್ನು ಬೆಚ್ಚಗಿನ ಮೂಲೆಯಲ್ಲಿ ಒಂದು ಗಂಟೆ ಕೂಡಿಹಾಕಿ. ಅಷ್ಟರಲ್ಲಿ ಬಡಕಲು ಮರಿಗಳು ಕುಡಿದುಕೊಳ್ಳಲಿ. ಈ ಒಂದು ಗಂಟೆಯ ಕೆಲಸದಷ್ಟು ಆದಾಯ ತರುವ ಕೆಲಸ ಹಂದಿ ಸಾಕಣೆಯಲ್ಲಿ ಇನ್ನೊಂದಿಲ್ಲ ಅಂತಲೇ ನನ್ನ ನಂಬಿಕೆ.

ಬಿಳಿಚಿಕೊಳ್ಳುವುದಕ್ಕೆ ಕಬ್ಬಿಣಾಂಶದ ಕೊರತೆಯೇ ಇರಬೇಕು. ಮರಿಗೆ ದಿನಕ್ಕೆ 7 ಮಿ.ಗ್ರಾಂ. ಸುಮಾರು ಬೇಕು, ತಾಯಿಹಾಲಲ್ಲಿ ಸಿಗುವುದು 1 ಮಿ.ಗ್ರಾಂ. ಆಸುಪಾಸು. ಮೂರನೇ ದಿನದ ಹೊತ್ತಿಗೆ ಕಬ್ಬಿಣಾಂಶದ ಇಂಜೆಕ್ಷನ್ ಕೊಡಿಸಿ. ಪಶುವೈದ್ಯರಿಂದ ಒಮ್ಮೆ ಕಲಿತುಕೊಳ್ಳಿ, ಕಷ್ಟವೇನಿಲ್ಲ. ತಾಯಿಗೆ ನೀರು ಕಡಿಮೆಯಾದರೆ ಹಾಲೂ ಕಡಿಮೆ. ಹಾಲೂಡಿಸುವ ಹಂದಿ ದಿನಕ್ಕೆ 20 ಲೀಟರಿಗಿಂತ ಜಾಸ್ತಿಯೇ ಕುಡಿಯುತ್ತದೆ.

ಈಗ ಮುಸುರೆ. ಖರ್ಚಿನಲ್ಲಿ ಮೂರನೇ ಎರಡು ಭಾಗ ಮೇವಿಗೇ ಹೋಗುವುದರಿಂದ ನಿಮಗೆ ಆಸೆಯಾಗುವುದು ಸಹಜ. ಆದರೂ ಬೇಡ ಅನ್ನುತ್ತೇನೆ. ಅದರಲ್ಲಿ ಹಂದಿಮಾಂಸದ ಚೂರಿದ್ದರೆ ಆಫ್ರಿಕನ್ ಹಂದಿಜ್ವರ ಬರಬಹುದು. ಮನುಷ್ಯರಿಗೆ ಅದು ತಗಲುವುದಿಲ್ಲ, ಆದರೆ ಹಂದಿಗೆ ಔಷಧಿಯೇ ಇಲ್ಲ. ಎಂಟಕ್ಕೆ ಎಂಟೂ ಹೋಗುತ್ತವೆ. ಐರೋಪ್ಯ ಒಕ್ಕೂಟದಲ್ಲಿ ಮುಸುರೆ ಹಾಕುವುದಕ್ಕೇ ನಿಷೇಧವಿದೆ. ಹೊಸ ಹಂದಿ ತಂದರೆ ಒಂದು ತಿಂಗಳು ದೂರ ಕಟ್ಟಿ. ಜ್ವರ ಬಂದು ಕಿವಿ, ಹೊಟ್ಟೆ ಕೆಂಪು-ನೀಲಿಗೆ ತಿರುಗಿದರೆ ಮಾರಲು ಹೋಗಬೇಡಿ, ಮಾಂಸವನ್ನೂ ಹಂಚಬೇಡಿ. ಅವತ್ತೇ ಪಶುವೈದ್ಯರನ್ನು ಕರೆಸಿ.