ಕಬ್ಬಿನ ಸಿಪ್ಪೆಯ ವಿಶ್ಲೇಷಣೆಯಲ್ಲಿ ಎಲ್ಲ ಕೂಡಿದರೆ 100% ದಾಟುವುದು ಯಾಕೆ?

ನೀವು ಆಲೆಮನೆಯಿಂದ ತಂದ ಕಬ್ಬಿನ ಸಿಪ್ಪೆಯನ್ನು ಎನ್‌ಆರ್‌ಇಎಲ್ (ಅಮೆರಿಕದ ಇಂಧನ ಪ್ರಯೋಗಾಲಯ) ವಿಧಾನದಲ್ಲಿ ಪರೀಕ್ಷಿಸಿದ್ದೀರಿ. ಲಿಗ್ನಿನ್, ಅಂದರೆ ಗಿಡದ ನಾರನ್ನು ಗಟ್ಟಿಯಾಗಿಸುವ ಅಂಶ, ವಿಪರೀತ ಜಾಸ್ತಿ ಬಂದಿದೆ, ಒಟ್ಟು ಮೊತ್ತ 100% ದಾಟಿದೆ. ಹೊಸ ಆಸಿಡ್ ತರಿಸಬೇಕಾ ಅಂತ ಕೇಳಿದ್ದೀರಿ.

ಬೇಡ. ನನ್ನ ಅನುಮಾನ ಆಸಿಡ್‌ಗಿಂತ ಮುಂಚಿನ ಕೆಲಸದ ಮೇಲೆ. ನೀವು ಬರೆದಿರುವ ಹಂತಗಳಲ್ಲಿ ಒಣಗಿಸಿದ್ದು, ಪುಡಿ ಮಾಡಿದ್ದು ಇದೆ. ಸಾಕ್ಸ್‌ಲೆಟ್‌ನ (ಪುಡಿಯನ್ನು ದ್ರಾವಕದಿಂದ ಮತ್ತೆ ಮತ್ತೆ ತೊಳೆದು ಕರಗುವ ಅಂಶ ತೆಗೆಯುವ ಉಪಕರಣ) ಸುದ್ದಿಯೇ ಇಲ್ಲ.

ಈ ವಿಧಾನ ಲಿಗ್ನಿನ್ನನ್ನು ನೇರವಾಗಿ ಅಳೆಯುವುದಿಲ್ಲ ಅಲ್ವಾ? 300 ಮಿ.ಗ್ರಾಂ. ಪುಡಿಯನ್ನು 72% ಸಲ್ಫ್ಯೂರಿಕ್ ಆಸಿಡ್‌ನಲ್ಲಿ 30 ಡಿಗ್ರಿಯಲ್ಲಿ ಒಂದು ಗಂಟೆ ಇಡುತ್ತೀರಿ. ಆಮೇಲೆ 4%ಗೆ ತೆಳುಮಾಡಿ 121 ಡಿಗ್ರಿಯಲ್ಲಿ ಇನ್ನೊಂದು ಗಂಟೆ ಆಟೋಕ್ಲೇವ್ (ಪ್ರೆಶರ್ ಕುಕ್ಕರ್‌ನಂಥ ಉಪಕರಣ). ಕರಗದೆ ಉಳಿದದ್ದರಲ್ಲಿ ಬೂದಿ ಕಳೆದರೆ ಮಿಕ್ಕಿದ್ದೆಲ್ಲ ಲಿಗ್ನಿನ್ ಲೆಕ್ಕಕ್ಕೆ. ಮೇಣ, ಬಣ್ಣದ ಅಂಶ ಏನೇ ಸೇರಿಕೊಂಡರೂ ತೂಕದಲ್ಲಿ ಗೊತ್ತಾಗುವುದಿಲ್ಲ.

ಕಬ್ಬಿನದು ಇನ್ನೂ ಕಷ್ಟ, ಸಿಪ್ಪೆಯಲ್ಲಿ ಸಕ್ಕರೆ ಉಳಿದಿರುತ್ತದೆ. ಆಲೆಮನೆಯ ಗಾಣ ಕಾರ್ಖಾನೆಯಷ್ಟು ರಸ ಹಿಂಡುವುದಿಲ್ಲ, ಹಾಗಾಗಿ ನಿಮ್ಮದರಲ್ಲಿ ಜಾಸ್ತಿಯೇ ಇರಬಹುದು. ಆ ಸುಕ್ರೋಸ್ ಆಸಿಡ್‌ನಲ್ಲಿ ಒಡೆದಾಗ ಬರುವ ಗ್ಲೂಕೋಸ್, ಗ್ಲೂಕೋಸ್‌ನಿಂದಲೇ ಆದ ನಾರು ಸೆಲ್ಯುಲೋಸ್‌ನ ಲೆಕ್ಕಕ್ಕೆ ಸೇರುತ್ತದೆ. ಜೊತೆಗೆ ಬರುವ ಫ್ರಕ್ಟೋಸ್ ಬಿಸಿಗೆ ಸುಲಭವಾಗಿ ಕೆಡುತ್ತದೆ, ಅದರಲ್ಲೊಂದಿಷ್ಟು ಕಪ್ಪು ಚರಟವಾಗಿ ಲಿಗ್ನಿನ್ ಜೊತೆ ಕೂರುತ್ತದೆ. ಒಂದೇ ಸಕ್ಕರೆ ಎರಡೂ ಕಡೆ ಅಂಕಿ ಏರಿಸುತ್ತದೆ.

ಅದಕ್ಕೇ ಸಾಕ್ಸ್‌ಲೆಟ್‌ನಲ್ಲಿ ಮೊದಲು ನೀರು, ಆಮೇಲೆ ಎಥನಾಲ್. ಬರೀ ಎಥನಾಲ್ ಹಾಕಿ ಮುಗಿಸುವವರೂ ಇದ್ದಾರೆ, ಕಬ್ಬಿಗೆ ಅದನ್ನು ನಾನು ಒಪ್ಪುವುದಿಲ್ಲ. ಎಷ್ಟು ತೂಕ ಇಳಿಯಿತು ಅಂತ ಬರೆದಿಟ್ಟುಕೊಳ್ಳಿ. ಕೊನೆಗೆ ಎಲ್ಲ ಅಂಕಿಗಳನ್ನೂ ಮೂಲ ಸಿಪ್ಪೆಯ ಒಣ ತೂಕಕ್ಕೆ ತಿರುಗಿಸಬೇಕು.

ಪುಡಿ 20 ಮೆಶ್ ಜರಡಿಯಲ್ಲಿ ಇಳಿದು 80ರ ಮೇಲೆ ನಿಲ್ಲುವಂತಿರಲಿ. ತೀರಾ ನುಣ್ಣಗಾದರೆ ಸಕ್ಕರೆ ಕೆಡುತ್ತದೆ, ದಪ್ಪಗಿದ್ದರೆ ಪೂರ್ತಿ ಒಡೆಯುವುದಿಲ್ಲ.

ಇನ್ನೊಂದು, ಇದು ಲೆಕ್ಕದ ವಿಷಯ. ಸೆಲ್ಯುಲೋಸ್ ಒಡೆಯುವಾಗ ನೀರಿನ ಅಣು ಸೇರಿ ತೂಕ ಹೆಚ್ಚುತ್ತದೆ. ಎಚ್‌ಪಿಎಲ್‌ಸಿ (ಸಕ್ಕರೆಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಕೊಟ್ಟ ಗ್ಲೂಕೋಸನ್ನು 0.90ರಿಂದ, ನಾರಿನಿಂದಲೇ ಬರುವ ಇನ್ನೊಂದು ಸಕ್ಕರೆ ಕ್ಸೈಲೋಸನ್ನು 0.88ರಿಂದ ಗುಣಿಸದಿದ್ದರೆ ಮೊತ್ತ ಸುಮ್ನೆ ಏರುತ್ತದೆ. ಸಾಕ್ಸ್‌ಲೆಟ್ ಹೂಡುವ ಮೊದಲು ನಿಮ್ಮ ಎಕ್ಸೆಲ್ ಹಾಳೆಯಲ್ಲಿ ಇವೆರಡು ಇವೆಯಾ ನೋಡಿಬಿಡಿ.