ಡಿಎಂ ಮುಗಿಸಿ ಬ್ರಿಟನ್ನಿಗೆ ಹೊರಟ ತಂಗಿಗೆ

ತಂಗೀ, ನಿನ್ನ ಪತ್ರದಲ್ಲಿ ತೀರ್ಥಹಳ್ಳಿಯವಳು ಅಂತ ಓದಿ ಖುಷಿಯಾಯಿತು, ನಮ್ಮದು ಸಾಗರದ ಕಡೆ. ಶಿವಮೊಗ್ಗದ ಸಿಮ್ಸ್‌ನಲ್ಲಿ ಎಂಬಿಬಿಎಸ್, ಬೆಂಗಳೂರಲ್ಲಿ ಎಂಡಿ, ಆಮೇಲೆ ಹೃದ್ರೋಗದ ಉನ್ನತ ಪದವಿ ಡಿಎಂ ಕಾರ್ಡಿಯಾಲಜಿ ಆಗಿದೆ, ಇಲ್ಲಿ ಬ್ರಿಟನ್ನಿನಲ್ಲಿ ನೇರ ಕನ್ಸಲ್ಟೆಂಟ್, ಅಂದರೆ ಸ್ವತಂತ್ರ ಹೊಣೆಯ ಹಿರಿಯ ತಜ್ಞೆ, ಆಗಬಹುದಾ ಅಂತ ಕೇಳಿದ್ದೀಯ. ಆಗುವುದಿಲ್ಲ.

ಕಾಯಂ ಕನ್ಸಲ್ಟೆಂಟ್ ಆಗಲು ಇಲ್ಲಿ ವೈದ್ಯರನ್ನು ನೋಂದಾಯಿಸುವ ಜನರಲ್ ಮೆಡಿಕಲ್ ಕೌನ್ಸಿಲ್ಲಿನ ಸ್ಪೆಷಲಿಸ್ಟ್ ರಿಜಿಸ್ಟರಿನಲ್ಲಿ ಹೆಸರಿರಬೇಕು. ನಿನಗಿರುವ ದಾರಿ ಎರಡು: ಇಲ್ಲಿನ ತರಬೇತಿಗೆ ಸೇರಿ ಮುಗಿಸುವುದು, ಇಲ್ಲವೇ ಪೋರ್ಟ್‌ಫೋಲಿಯೋ ಪಾತ್‌ವೇ, ಅಂದರೆ ಈವರೆಗಿನ ಓದು, ಕೆಲಸದ ಪುರಾವೆ ತೋರಿಸಿ ಅರ್ಜಿ ಹಾಕುವುದು. 2023ರವರೆಗೆ ಅದಕ್ಕೆ ಸಿಇಎಸ್‌ಆರ್ ಅನ್ನುತ್ತಿದ್ದರು. ಅಲ್ಲಿ ಪದವಿಯೊಂದೇ ಸಾಲದು, ಕೆಲಸದ ದಾಖಲೆ ಕೇಳುತ್ತಾರೆ. ಎಷ್ಟು ಆಂಜಿಯೋ, ಎಷ್ಟು ಸ್ಟೆಂಟ್, ಎಷ್ಟು ಎಕೋ, ಯಾವುದನ್ನು ನೀನೇ ಮಾಡಿದೆ, ಯಾವುದರಲ್ಲಿ ಜೊತೆಗಿದ್ದೆ, ತೊಡಕಾದಾಗ ಏನು ಮಾಡಿದೆ, ಎಲ್ಲಕ್ಕೂ ಲಾಗ್‌ಬುಕ್, ಮೇಲಿನವರ ಸಹಿ. ರೋಗಿಯ ಹೆಸರು ಮಾತ್ರ ಎಲ್ಲೂ ಕಾಣಬಾರದು. ಬೆಂಗಳೂರು ಬಿಡುವ ಮೊದಲೇ ಮಾಡಿಸಿಕೋ. ಪ್ರೊಫೆಸರ್ ನಿವೃತ್ತರಾದ ಮೇಲೆ ಇಲ್ಲಿಂದ ಫೋನ್ ಮಾಡಿ ಸಹಿಗೆ ಒದ್ದಾಡಿದವರನ್ನು ಬಹಳ ಕಂಡಿದ್ದೇನೆ.

ಹೊಸನಗರ ತಾಲೂಕು ಆಸ್ಪತ್ರೆಯ ಕೆಲಸವನ್ನು ಬಯೋಡೇಟಾದಲ್ಲಿ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀಯಲ್ಲ ಮಾರಾಯ್ತಿ, ಅದು ಸರಿಯಲ್ಲ. ಮಳೆಗಾಲದ ರಾತ್ರಿ ಎದೆನೋವು ಅಂತ ಬಂದವರ ಇಸಿಜಿ ನೋಡಿ, 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ ಆಗುವುದಿಲ್ಲ ಅಂತ ಅಳೆದು, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಕೊಟ್ಟು ಶಿವಮೊಗ್ಗಕ್ಕೆ ಕಳಿಸಿದವಳು ನೀನು. ಬ್ರಿಟನ್ನಿನಲ್ಲಿ ಇಂಥ ಹೃದಯಾಘಾತವಾದವರನ್ನು ಸಾಮಾನ್ಯವಾಗಿ ನೇರ ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾತ್‌ಲ್ಯಾಬಿಗೇ ಒಯ್ಯುತ್ತಾರೆ. ಹಾಗಾಗಿ ನಿನ್ನಂತೆ ಆ ತೀರ್ಮಾನವನ್ನು ಒಂಟಿಯಾಗಿ ಹೊತ್ತ ಕಿರಿಯ ವೈದ್ಯರು ಕಡಿಮೆ. ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕಿರಿದಾಗುವ ರುಮ್ಯಾಟಿಕ್ ಮೈಟ್ರಲ್ ಸ್ಟೆನೋಸಿಸ್ ಕೂಡ ಇಲ್ಲಿ ಅಪರೂಪ, ನೀನೋ ಅದನ್ನು ವಾರ್ಡಿನಲ್ಲೇ ನೋಡಿ ಬೆಳೆದವಳು. ಆ ಕವಾಟವನ್ನು ಬಲೂನಿನಿಂದ ಅಗಲಿಸುವ ಬಲೂನ್ ವಾಲ್ವೊಟಮಿ ಮಾಡಿದ್ದರೆ ಬಿಡಿಸಿ ಬರೆ.

ಎಫ್‌ಎಸಿಸಿ, ಎಫ್‌ಇಎಸ್‌ಸಿ ಅಂತ ಹೆಸರಿನ ಮುಂದೆ ಸೇರಿಸುವ ಆಸೆ ಈಗ ಬೇಡ. ಅವು ಹೃದ್ರೋಗ ತಜ್ಞರ ಸಂಘಗಳು ಕೊಡುವ ಫೆಲೋಶಿಪ್, ಗೌರವದವೇ, ಆದರೆ ತರಬೇತಿಯ ಜಾಗ ತುಂಬುವುದಿಲ್ಲ.

ಮೊದಲ ಕೆಲಸ ಕ್ಲಿನಿಕಲ್ ಫೆಲೋ ಅಂತ, ಕನ್ಸಲ್ಟೆಂಟರ ಕೈಕೆಳಗಿನ ಹುದ್ದೆ, ಸಿಗಬಹುದು. ಊರಲ್ಲಿ ಹಾರ್ಟ್ ಡಾಕ್ಟ್ರು ಅನ್ನಿಸಿಕೊಂಡವಳಿಗೆ ಮತ್ತೆ ರಾತ್ರಿ ಪಾಳಿ, ಮತ್ತೆ ಮೇಲಿನವರ ಅಪ್ಪಣೆ. ಮೊದಲ ಚಳಿಗಾಲದಲ್ಲಿ ಅದು ನಿಜಕ್ಕೂ ನೋಯುತ್ತದೆ. ಆಗ ನನಗೆ ಫೋನ್ ಮಾಡು.

ಬ್ರಿಟನ್ನಿನ ಫಿಸಿಶಿಯನ್ ಪರೀಕ್ಷೆ ಎಂಆರ್‌ಸಿಪಿಯ ಮೂರೂ ಭಾಗ ಪಾಸಾಗಿರುವುದರಿಂದ, ಹೊರಗಿನ ವೈದ್ಯರು ನೋಂದಣಿಗೆ ಬರೆಯುವ ಪ್ಲ್ಯಾಬ್ ಪರೀಕ್ಷೆ ಬರೆಯಬೇಕಿಲ್ಲ. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಅಥವಾ ಒಇಟಿ ಬೇಕು, ಪದವಿ ಅಸಲಿಯೇ ಅಂತ ನೋಡುವ ಎಪಿಕ್ ಪರಿಶೀಲನೆ ಬೇಕು. ನಿನ್ನ ಮೇಲೆ ಶಿಸ್ತುಕ್ರಮ ಇಲ್ಲ ಅಂತ ನಮ್ಮ ದೇಶದ ಮೆಡಿಕಲ್ ಕೌನ್ಸಿಲ್ ಕೊಡುವ ಗುಡ್ ಸ್ಟ್ಯಾಂಡಿಂಗ್ ಪತ್ರ 3 ತಿಂಗಳಷ್ಟೇ ನಡೆಯುತ್ತದೆ, ಅದನ್ನು ಎಲ್ಲಕ್ಕಿಂತ ಕೊನೆಗೆ ತರಿಸಿಕೋ.